ಹುಬ್ಬಳ್ಳಿ ಆಫೀಸಿಗೆ 24 ಐಪಿ ಫೋನು ಹಾಕಿದ ನನ್ನ ಅನುಭವ

ಹೋದ ವರ್ಷ ಹುಬ್ಬಳ್ಳಿಯ ಒಂದು ಔಷಧ ಹೋಲ್‌ಸೇಲ್ ಆಫೀಸಿಗೆ 24 ಐಪಿ ಫೋನು, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನ ವೈರಿನಲ್ಲೇ ಓಡುವ ಫೋನು, ಹಾಕಿಕೊಟ್ಟೆ. 22 ಫೋನು ಊರೊಳಗಿನ ಆಫೀಸಿನ ಎರಡು ಮಹಡಿಗೆ, ಇನ್ನೆರಡು ತಾರಿಹಾಳದ ಗೋದಾಮಿಗೆ. ಮೊದಲು ಅಲ್ಲಿ ಹಳೇ ಇಪಿಎಬಿಎಕ್ಸ್ (ಆಫೀಸಿನೊಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಇತ್ತು. ಮೆಡಿಕಲ್ ಶಾಪಿನವರು ಬೆಳಗಿನಿಂದ ಸಂಜೆವರೆಗೆ ಆರ್ಡರ್‌ಗೆ ಫೋನ್ ಮಾಡುತ್ತಲೇ ಇರುತ್ತಾರೆ. ಮಳೆ ಬಂದರೆ ಲೈನಿನಲ್ಲಿ ಕರಕರ ಸದ್ದು, ಕಾರ್ಡ್ ಕೆಟ್ಟರೆ ಬದಲಿ ಸಿಗುತ್ತಿರಲಿಲ್ಲ.

ಫೋನುಗಳನ್ನು ಟೇಬಲ್ ಮೇಲೆ ಇಟ್ಟು ಜೋಡಿಸಿದ್ದು ಅರ್ಧ ದಿನದ ಕೆಲಸ. ಅದರ ಹಿಂದಿನ ವೈರು, ಸ್ವಿಚ್ಚು (ನೆಟ್‌ವರ್ಕ್ ವೈರುಗಳೆಲ್ಲ ಬಂದು ಸೇರುವ ಡಬ್ಬಿ), ರೌಟರು ಸರಿ ಮಾಡಲಿಕ್ಕೆ ಹತ್ತು ದಿನ ಬೇಕಾಯಿತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಗೋಡೆಯಿಂದ. ಪ್ರತಿ ಟೇಬಲ್ಲಿಗೂ ಕ್ಯಾಟ್ 6 ನೆಟ್‌ವರ್ಕ್ ವೈರು ಇದೆ ಅಂತ ಹೇಳಿದ್ದರು. ಟೆಸ್ಟರ್ ಹಚ್ಚಿ ನೋಡಿದರೆ ನಾಲ್ಕು ಕಡೆ ಒಂದೇ ಕೇಬಲ್ಲಿನ ನಾಲ್ಕು ಜೋಡಿ ತಂತಿಯನ್ನು ಎರಡು ಭಾಗ ಮಾಡಿ ಒಂದನ್ನು ಕಂಪ್ಯೂಟರಿಗೆ, ಇನ್ನೊಂದನ್ನು ಹಳೇ ಫೋನಿಗೆ ಕೊಟ್ಟಿದ್ದರು. ಅವನ್ನೆಲ್ಲ ಬಿಚ್ಚಿ ಎರಡೂ ತುದಿಗೆ ಹೊಸದಾಗಿ ಪ್ಲಗ್ ಕ್ರಿಂಪ್ ಮಾಡಿದೆ. ಹೊಸ ವೈರು ಎಳೆಯುವ ಅಗತ್ಯ ಬರಲಿಲ್ಲ. ಯಾಕೆಂದರೆ ಐಪಿ ಫೋನಿನ ಹಿಂದೆ ಎರಡು ಪೋರ್ಟ್ ಇರುತ್ತವೆ, ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರಿಗೆ. ಇಲ್ಲೊಂದು ಮಾತು. ಅಗ್ಗದ ಫೋನುಗಳಲ್ಲಿ ಈ ಪೋರ್ಟ್ 100 ಎಂಬಿಪಿಎಸ್ ಮಾತ್ರ. ಬಿಲ್ಲಿಂಗ್ ಮಾಡುವವರ ಕಂಪ್ಯೂಟರ್ ನಿಧಾನ ಆಗಬಾರದು ಅಂತ ಅಲ್ಲಿಗೆ ಗಿಗಾಬಿಟ್ ಪೋರ್ಟ್ ಇರುವ ಫೋನನ್ನೇ ತರಿಸಿದೆ.

ಕರೆಂಟಿನ ವಿಷಯ ಇನ್ನೂ ಮುಖ್ಯ. ಹಳೇ ಫೋನಿಗೆ ಲೈನಿನಿಂದಲೇ ಕರೆಂಟು ಬರುತ್ತಿತ್ತು. ಇದಕ್ಕೆ ಹಾಗಿಲ್ಲ, ಸ್ವಿಚ್ಚು ಆಫ್ ಆದರೆ ಫೋನೂ ಆಫ್. ಅದಕ್ಕೇ ಪಿಒಇ (ನೆಟ್‌ವರ್ಕ್ ವೈರಿನಲ್ಲೇ ಫೋನಿಗೆ ಕರೆಂಟು ಕೊಡುವ) ಸ್ವಿಚ್ಚು ಹಾಕಿ, ಆ ಸ್ವಿಚ್ಚು, ಸರ್ವರು, ರೌಟರು, ಇಂಟರ್ನೆಟ್ ಬರುವ ಫೈಬರ್ ಡಬ್ಬಿ ಎಲ್ಲವನ್ನೂ ಯುಪಿಎಸ್‌ಗೆ ಕೊಟ್ಟೆ. ಫೈಬರ್ ಡಬ್ಬಿಯನ್ನು ಮರೆಯುವವರೇ ಜಾಸ್ತಿ. ಮೂಲ ಪಿಒಇ ನಿಯಮದ ಪ್ರಕಾರ ಒಂದು ಪೋರ್ಟ್ 15.4 ವ್ಯಾಟ್ ತನಕ ಕೊಡಬಹುದು, ಆದರೆ ಸ್ವಿಚ್ಚಿನ ಒಟ್ಟು ಶಕ್ತಿಗೆ ಒಂದು ಮಿತಿ ಇರುತ್ತದೆ. ನಮ್ಮದು 190 ವ್ಯಾಟಿನದು. ನಾವು ತಂದ ಫೋನು ಜಾಸ್ತಿ ಅಂದರೆ 6 ವ್ಯಾಟ್ ಎಳೆಯುತ್ತದೆ, 22 ಫೋನಿಗೆ 132. ಸಾಕಾಯಿತು.

ಸರ್ವರಿಗೆ ಒಂದು ಸಣ್ಣ ಕಂಪ್ಯೂಟರಿನಲ್ಲಿ ಫ್ರೀಪಿಬಿಎಕ್ಸ್ ಅನ್ನುವ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಹಾಕಿದೆ. ಅದರೊಳಗೆ ಓಡುವುದು ಆಸ್ಟರಿಸ್ಕ್, 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರು ಮಾಡಿದ ಉಚಿತ ಸಾಫ್ಟ್‌ವೇರ್. ಹೊರಗಿನ ಕರೆಗೆ ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಯ ಸಿಪ್ ಟ್ರಂಕ್ (ನೆಟ್‌ವರ್ಕ್ ಮೂಲಕ ಬರುವ ಹೊರಗಿನ ಫೋನ್ ಲೈನು) ತೆಗೆದುಕೊಂಡೆವು. ಕಡಿಮೆ ದುಡ್ಡಿಗೆ ಬೇರೆ ದಾರಿ ತೋರಿಸುವವರು ಸಿಗುತ್ತಾರೆ, ದಯವಿಟ್ಟು ಆ ಕಡೆ ಹೋಗಬೇಡಿ.

ಈಗ ನಂಬರು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಹಳ ಜನ ಎಕ್ಸ್‌ಟೆನ್ಷನ್ (ಆಫೀಸಿನೊಳಗಿನ) ನಂಬರನ್ನು 100, 101 ಅಂತ ಶುರು ಮಾಡುತ್ತಾರೆ. ನಮ್ಮ ದೇಶದಲ್ಲಿ 100 ಪೊಲೀಸ್, 101 ಅಗ್ನಿಶಾಮಕ, 108 ಆಂಬುಲೆನ್ಸ್, 112 ಎಲ್ಲದಕ್ಕೂ ಸೇರಿದ ತುರ್ತು ನಂಬರ್ ಅಲ್ವಾ? ಯಾರಿಗೋ ಎದೆನೋವು ಬಂದು ಪಕ್ಕದವರು 108 ಒತ್ತಿದಾಗ ಅಕೌಂಟ್ಸ್ ಟೇಬಲ್ಲಿನ ಫೋನು ಹೊಡೆದುಕೊಂಡರೆ ಏನು ಗತಿ! ಹಳೇ ಇಂಟರ್‌ಕಾಮಿನಲ್ಲಿ ಎರಡಂಕಿ ನಂಬರು ಇದ್ದವು, ಡಿಸ್ಪ್ಯಾಚ್ 21, ಕ್ಯಾಶ್ 25, ಹೀಗೆ. ಅದರ ಮುಂದೆ ಒಂದು 2 ಸೇರಿಸಿದೆ, 221, 225. ಯಾರೂ ಹೊಸದಾಗಿ ಬಾಯಿಪಾಠ ಮಾಡಬೇಕಾಗಲಿಲ್ಲ. ಹೊರಗಿನ ಲೈನಿಗೆ 0 ಒತ್ತುವ ರೂಢಿಯನ್ನೂ ಹಾಗೇ ಬಿಟ್ಟೆ. ತುರ್ತು ನಂಬರುಗಳು ಮಾತ್ರ 0 ಒತ್ತಿದರೂ ಹೋಗಬೇಕು, ಒತ್ತದಿದ್ದರೂ ಹೋಗಬೇಕು. ಗಾಬರಿಯಲ್ಲಿ ಇರುವವರಿಗೆ 0 ನೆನಪಿಗೆ ಬರುವುದಿಲ್ಲ.

ಫೋನುಗಳಿಗೆ ಒಂದೊಂದಾಗಿ ಕೂತು ಸೆಟ್ಟಿಂಗ್ ತುಂಬಲಿಲ್ಲ. ಫೋನುಗಳಿಗೆಂದೇ ಬೇರೆ ವಿಲ್ಯಾನ್ (ಅದೇ ವೈರಿನಲ್ಲಿ ಪ್ರತ್ಯೇಕ ನೆಟ್‌ವರ್ಕ್) ಮಾಡಿ, ಅಲ್ಲಿ ಫೋನುಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಆಪ್ಷನ್ 66 ಅನ್ನುವ ಜಾಗಕ್ಕೆ ಸರ್ವರಿನ ವಿಳಾಸ ಕೊಟ್ಟೆ. ಫೋನು ಆನ್ ಆದ ಕೂಡಲೇ ತನ್ನ ಮ್ಯಾಕ್ ನಂಬರಿನ (ಪ್ರತಿ ಫೋನಿಗೂ ಕಂಪನಿ ಕೊಟ್ಟ ಗುರುತಿನ ನಂಬರು) ಹೆಸರಿರುವ ಸೆಟ್ಟಿಂಗ್ ಫೈಲನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಒಂದೇ. ಡಬ್ಬಿ ಬಿಚ್ಚುವಾಗಲೇ ಹಿಂದಿನ ಸ್ಟಿಕರ್ ಫೋಟೋ ತೆಗೆದು, ಯಾವ ಮ್ಯಾಕ್ ಯಾರ ಟೇಬಲ್ಲಿಗೆ ಅಂತ ಎಕ್ಸೆಲ್‌ನಲ್ಲಿ ಬರೆದುಕೊಳ್ಳಿ. ಟೈಮ್ ಝೋನ್ 5:30 ಹಾಕುವುದನ್ನೂ ಆ ಫೈಲಿನಲ್ಲೇ ಸೇರಿಸಿ, ಇಲ್ಲದಿದ್ದರೆ ಮಿಸ್ಡ್ ಕಾಲ್ ಪಟ್ಟಿಯಲ್ಲಿ ಯಾವುದೋ ಹೊತ್ತು ತೋರಿಸುತ್ತದೆ. ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸುವುದೂ ಅಲ್ಲೇ.

ಆಫೀಸಿನ 22 ಫೋನು ಮೊದಲ ದಿನವೇ ಚೆನ್ನಾಗಿ ಓಡಿದವು. ಕಷ್ಟ ಕೊಟ್ಟಿದ್ದು ತಾರಿಹಾಳದ ಎರಡು. ಫೋನು ಸರ್ವರಿನಲ್ಲಿ ರಿಜಿಸ್ಟರ್ ಆಗುತ್ತದೆ, ರಿಂಗ್ ಆಗುತ್ತದೆ, ಎತ್ತಿದರೆ ಮಾತು ಒಂದೇ ಕಡೆ. ಗೋದಾಮಿನ ಹುಡುಗ ಮೊಬೈಲ್‌ನಿಂದ ಹೇಳಿದ: "ಅಣ್ಣಾ, ನಾ ಮಾತಾಡೋದು ಅವರಿಗೆ ಕೇಳಸ್ತೈತಿ, ಅವರು ಮಾತಾಡೋದು ನನಗ ಕೇಳವಲ್ದು." ಇದಕ್ಕೆ ಕಾರಣ ಇದೆ. ರಿಂಗ್ ಮಾಡಿಸುವ ಸಿಪ್ ಸಂದೇಶ ಒಂದು ದಾರಿಯಲ್ಲಿ, ಸಾಮಾನ್ಯವಾಗಿ ಪೋರ್ಟ್ 5060ರಲ್ಲಿ ಹೋಗುತ್ತದೆ (ಇಲ್ಲಿ ಪೋರ್ಟ್ ಅಂದರೆ ವೈರು ಸಿಕ್ಕಿಸುವ ಜಾಗ ಅಲ್ಲ, ನೆಟ್‌ವರ್ಕಿನ ಬಾಗಿಲಿನ ನಂಬರು). ಧ್ವನಿ ಬೇರೆ ದಾರಿ, ಆಸ್ಟರಿಸ್ಕ್‌ನಲ್ಲಿ 10000ದಿಂದ 20000ದವರೆಗಿನ ಪೋರ್ಟುಗಳು. ಧ್ವನಿ ಎಲ್ಲಿಗೆ ಕಳಿಸಬೇಕು ಅನ್ನುವ ವಿಳಾಸ ಸಿಪ್ ಸಂದೇಶದ ಒಳಗೇ ಬರೆದಿರುತ್ತದೆ. ಅಲ್ಲಿ 192.168 ಅಂತ ಒಳಗಿನ ವಿಳಾಸ ಹೋದರೆ ಆಚೆ ಕಡೆಯವರಿಗೆ ಅದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ರೌಟರಿನಲ್ಲಿ ಸಿಪ್ ಎಎಲ್‌ಜಿ ಅನ್ನುವ ಒಂದು ಸೌಲಭ್ಯ ಇರುತ್ತದೆ, ಇದನ್ನು ಸರಿ ಮಾಡಲಿಕ್ಕೇ ಇರುವುದು, ಆದರೆ ನಾನು ನೋಡಿದ ಹೆಚ್ಚಿನ ಕಡೆ ಅದೇ ಕೆಡಿಸಿದೆ. ಅದನ್ನು ಎರಡೂ ಕಡೆ ಆಫ್ ಮಾಡಿ, ಸರ್ವರಿನಲ್ಲಿ ಹೊರಗಿನ ಐಪಿ ಯಾವುದು, ಒಳಗಿನ ನೆಟ್‌ವರ್ಕ್ ಯಾವುದು ಅಂತ ಸರಿಯಾಗಿ ತುಂಬಿದ ಮೇಲೆ ಎರಡೂ ಕಡೆ ಮಾತು ಬಂತು.

ಆದರೆ ಇದಕ್ಕಾಗಿ ನಾನು 5060 ಪೋರ್ಟನ್ನು ಹೊರಗೆ ತೆರೆದಿಟ್ಟಿದ್ದೆ. ಅದು ನನ್ನ ತಪ್ಪು. ಮರುದಿನ ಬೆಳಗ್ಗೆ ಲಾಗ್ ತೆರೆದರೆ ಎಲ್ಲೆಲ್ಲಿಂದಲೋ ಬಂದ ಲಾಗಿನ್ ಪ್ರಯತ್ನಗಳು, ಪುಟಗಟ್ಟಲೆ. ಪಾಸ್‌ವರ್ಡ್ ಸಿಕ್ಕಿದ್ದರೆ ರಾತ್ರೋರಾತ್ರಿ ವಿದೇಶಕ್ಕೆ ಕರೆ ಮಾಡಿ ಸಾವಿರಾರು ರೂಪಾಯಿ ಬಿಲ್ಲು ಏರಿಸಿಬಿಡುತ್ತಿದ್ದರು. ಕೂಡಲೇ ಮುಚ್ಚಿದೆ. ಎರಡೂ ರೌಟರುಗಳ ನಡುವೆ ವಿಪಿಎನ್ (ಇಂಟರ್ನೆಟ್ಟಿನೊಳಗೇ ಬೀಗ ಹಾಕಿದಂಥ ಖಾಸಗಿ ದಾರಿ) ಹಾಕಿ ಗೋದಾಮಿನ ಫೋನುಗಳನ್ನು ಅದರೊಳಗಿಂದ ತಂದೆ. ಟ್ರಂಕಿನಲ್ಲಿ ಐಎಸ್‌ಡಿ ಬಂದ್ ಮಾಡಿಸಿದೆ.

ಸಂಜೆ 6ರ ಹೊತ್ತಿಗೆ ಗೋದಾಮಿನ ಮಾತು ತುಂಡು ತುಂಡಾಗುತ್ತಿತ್ತು. ಮಾಲೀಕರು ನೆಟ್ ಪ್ಲಾನ್ ದೊಡ್ಡದು ಮಾಡಿಸಲಾ ಅಂತ ಕೇಳಿದರು. ಬೇಡ ಅಂದೆ. ಜಿ.711 ಕೋಡೆಕ್‌ನಲ್ಲಿ (ಧ್ವನಿಯನ್ನು ಡೇಟಾ ಮಾಡುವ ಒಂದು ವಿಧಾನ) ಒಂದು ಕರೆಗೆ ಒಂದೊಂದು ದಿಕ್ಕಿಗೂ ಸುಮಾರು 87 ಕೆಬಿಪಿಎಸ್ ಸಾಕು, ಹತ್ತು ಕರೆಗೂ 1 ಎಂಬಿಪಿಎಸ್ ಆಗುವುದಿಲ್ಲ. ಹುಡುಕಿದರೆ ಸರಿಯಾಗಿ 6ಕ್ಕೆ ಬಿಲ್ಲಿಂಗ್ ಬ್ಯಾಕಪ್ ಅಪ್‌ಲೋಡ್ ಆಗುತ್ತಿತ್ತು. ಬ್ಯಾಕಪ್ಪನ್ನು ರಾತ್ರಿ 11ಕ್ಕೆ ತಳ್ಳಿ, ರೌಟರಿನಲ್ಲಿ ಧ್ವನಿಗೆ ಮೊದಲ ದಾರಿ ಕೊಟ್ಟೆ. ಧ್ವನಿಯ ಡೇಟಾ ಮೇಲೆ ಡಿಎಸ್‌ಸಿಪಿ 46 ಅಂತ ಗುರುತು ಇರುತ್ತದೆ, ರೌಟರು ಅದನ್ನು ನೋಡಿ ಮೊದಲು ಬಿಡುತ್ತದೆ.

ಮೂರನೇ ವಾರ ಒಂದು ಸೋಮವಾರ ಬೆಳಗ್ಗೆ ಇಡೀ ಆಫೀಸ್ ನಿಂತುಹೋಯಿತು. ಫೋನಿಲ್ಲ, ನೆಟ್ಟಿಲ್ಲ, ಬಿಲ್ಲಿಲ್ಲ. ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೆ ಒಂದೇ ಸಮನೆ ಮಿಟುಕುತ್ತಿದ್ದವು. ನೋಡಿದ ಕೂಡಲೇ ಲೂಪ್ (ಡೇಟಾ ವೈರಿನೊಳಗೇ ಸುತ್ತುತ್ತಾ ಇರುವುದು) ಅಂತ ಅನಿಸಿತು. ಭಾನುವಾರ ಟೇಬಲ್ ಸರಿಸಿ ಒರೆಸಿದವರು ಒಂದು ಫೋನಿನ ಎರಡೂ ಪೋರ್ಟನ್ನು ಗೋಡೆಯ ಎರಡು ಸಾಕೆಟ್ಟಿಗೆ ಸಿಕ್ಕಿಸಿದ್ದರು. ಅವರದೇನೂ ತಪ್ಪಿಲ್ಲ, ಎರಡೂ ನೋಡಲಿಕ್ಕೆ ಒಂದೇ ಥರ ಇವೆ. ಸ್ವಿಚ್ಚಿನಲ್ಲಿ ಲೂಪ್ ತಡೆಯುವ ಸೆಟ್ಟಿಂಗ್ ಆನ್ ಮಾಡದೆ ಬಿಟ್ಟಿದ್ದು ನಾನು. ಅವತ್ತೇ ಆನ್ ಮಾಡಿದೆ, ಗೋಡೆಗೆ ಹೋಗುವ ವೈರಿಗೆಲ್ಲ ಹಳದಿ ಟೇಪ್ ಸುತ್ತಿದೆ.

ಕಡೆಗೆ ಜನ. ರಿಸೆಪ್ಷನ್ ಅಕ್ಕ ಹದಿನೈದು ವರ್ಷ ಫ್ಲ್ಯಾಶ್ ಗುಂಡಿ ಒತ್ತಿ ಕರೆ ಕೊಟ್ಟವರು. ಹೊಸದರಲ್ಲಿ ಟ್ರಾನ್ಸ್‌ಫರ್ ಎರಡು ಥರ, ಕೇಳದೆ ಸೀದಾ ಕೊಡುವುದು, ಆ ಕಡೆಯವರನ್ನು ಕೇಳಿ ಕೊಡುವುದು. ಅವರಿಗೆ ಬೇಕಿದ್ದದ್ದು ಎರಡನೆಯದು ಮಾತ್ರ. ಎರಡನ್ನೂ ಕಲಿಸುವ ಬದಲು ಅದೊಂದನ್ನೇ ಒಂದು ಗುಂಡಿಗೆ ಇಟ್ಟುಕೊಟ್ಟು, ಪಕ್ಕದ ಗುಂಡಿಗಳಿಗೆ ಡಿಸ್ಪ್ಯಾಚ್, ಕ್ಯಾಶ್, ಗೋದಾಮು ಅಂತ ಹೆಸರು ಹಾಕಿದೆ. ಯಾರು ಮಾತಿನಲ್ಲಿದ್ದಾರೆ ಅಂತ ಆ ಗುಂಡಿಯಲ್ಲೇ ಕೆಂಪು ದೀಪ ಕಾಣಿಸುತ್ತದೆ. ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅವರೇ ಕ್ಯಾಶಿನವರನ್ನು ಕೂರಿಸಿಕೊಂಡು ಕಲಿಸುತ್ತಿದ್ದರು.