ಪ್ರಿಂಟರ್ ರಿಬ್ಬನ್‌ನಲ್ಲಿ ಉಳಿದಿದ್ದ ಗಿರಾಕಿಗಳ ವಿಳಾಸ: ನನ್ನ ಅನುಭವ

ಶಿರಸಿ ಹತ್ತಿರ ನಮ್ಮ ಮನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾಡಿ ಊರೂರಿಗೆ ಪಾರ್ಸೆಲ್ ಕಳಿಸುತ್ತೇವೆ. ಅತ್ತೆಯದು ಅಡುಗೆಮನೆ, ಪ್ಯಾಕಿಂಗ್ ಮತ್ತು ಲೇಬಲ್ ನನ್ನದು.

ಹೋದ ವರ್ಷ ದೀಪಾವಳಿ ಆಸುಪಾಸು, ಭತ್ತ ತೆನೆ ಕಟ್ಟಿತ್ತು. ಕೆಳಗಿನಮನೆ ಭಾವ ಗದ್ದೆ ಸುತ್ತ ಕೋಲು ಊರಿ ಕಪ್ಪು ಪಟ್ಟಿ ಎಳೆದು ಕಟ್ಟಿದ್ದರು. ಮೊದಲೆಲ್ಲ ಹಾಡಿನ ಕ್ಯಾಸೆಟ್ಟಿನ ರೀಲು ಕಟ್ಟುತ್ತಿದ್ದರಲ್ಲ, ಗಾಳಿಗೆ ಝುಂಯ್ ಅಂತ ಸದ್ದಾಗಿ ಹಕ್ಕಿ ಹತ್ತಿರ ಬರುತ್ತಿರಲಿಲ್ಲ, ಅದೇ ಉಪಾಯ. ಈ ಸಲ ನಮ್ಮ ಕಸದ ಚೀಲದಲ್ಲಿದ್ದ ಪ್ರಿಂಟರ್ ರಿಬ್ಬನ್ ನೋಡಿ "ಇದು ಬೇಕಾ ತಂಗಿ?" ಅಂತ ಕೇಳಿಯೇ ಒಯ್ದಿದ್ದರು. "ಒಯ್ಯಿರಿ ಭಾವ" ಅಂದವಳು ನಾನೇ.

ಸಂಜೆ ಅಂಚಿನ ಮೇಲೆ ಬರುತ್ತಿದ್ದೆ. ಬಿಸಿಲು ಎದುರಿಗಿತ್ತು. ಪಟ್ಟಿಯಲ್ಲಿ ಏನೋ ಅಕ್ಷರ ಹೊಳೆಯಿತು. ಹತ್ತಿರ ಹೋಗಿ ನೋಡಿದರೆ ಮೈಸೂರಿನ ಒಬ್ಬ ಗಿರಾಕಿಯ ಹೆಸರು, ಮನೆ ನಂಬರ್, ಅಡ್ಡರಸ್ತೆ, ಫೋನ್ ನಂಬರ್. ಅದರ ಪಕ್ಕ ಹುಬ್ಬಳ್ಳಿಯವರದು. ಆಮೇಲೆ ಪುಣೆಯವರದು. ಕಪ್ಪು ಹಾಳೆಯಲ್ಲಿ ಅಕ್ಷರದ ಜಾಗ ಮಾತ್ರ ಗಾಜಿನಂತೆ ಪಾರದರ್ಶಕ, ಒಂದಂಕಿಯೂ ಅಳಿಸಿರಲಿಲ್ಲ. ಎದೆ ಧಸಕ್ ಅಂತು.

ಯಾಕೆ ಹೀಗಾಗುತ್ತದೆ ಅಂತ ಹೇಳುತ್ತೇನೆ. ಥರ್ಮಲ್ ಪ್ರಿಂಟಿಂಗ್‌ನಲ್ಲಿ ಎರಡು ಬಗೆ. ಒಂದರಲ್ಲಿ ಕಾಗದಕ್ಕೇ ಮದ್ದು ಸವರಿರುತ್ತದೆ, ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅಂಗಡಿ ಬಿಲ್ಲಿನ ಹಾಗೆ. ಅದು ಡೈರೆಕ್ಟ್ ಥರ್ಮಲ್. ಇನ್ನೊಂದಕ್ಕೆ ರಿಬ್ಬನ್ ಬೇಕು. ತೆಳು ಪ್ಲಾಸ್ಟಿಕ್ ಹಾಳೆ ಮೇಲೆ ಕಪ್ಪು ಮೇಣದ ಲೇಪ ಇರುತ್ತದೆ, ಬಿಸಿ ತಾಗಿದಲ್ಲಿ ಮೇಣ ಕರಗಿ ಲೇಬಲ್‌ಗೆ ಅಂಟುತ್ತದೆ. ಮೇಣ ಹೋದ ಜಾಗ ಖಾಲಿ. ಅಂದರೆ ಲೇಬಲ್‌ನಲ್ಲಿ ಇರುವುದೆಲ್ಲ ರಿಬ್ಬನ್‌ನಲ್ಲೂ ಇರುತ್ತದೆ. 300 ಮೀಟರ್ ರಿಬ್ಬನ್, ಆರಿಂಚು ಉದ್ದದ ಲೇಬಲ್ ಅಂತ ಲೆಕ್ಕ ಹಾಕಿ: ಒಂದು ಸುರುಳಿಯಲ್ಲಿ ಹತ್ತಿರ ಹತ್ತಿರ 2000 ಜನರ ವಿಳಾಸ, ಸಾಲಾಗಿ. ಅಂಥ ಎಷ್ಟು ಸುರುಳಿ ನಾನು ಗುಜರಿಯವನಿಗೆ ಕೊಟ್ಟಿದ್ದೆನೋ!

ಆ ರಾತ್ರಿ ಟಾರ್ಚ್ ಹಿಡಿದು ನಾನು, ಭಾವ ಇಬ್ಬರೂ ಗದ್ದೆಯಿಂದ ಎಲ್ಲವನ್ನೂ ಬಿಚ್ಚಿ ತಂದೆವು.

ಈಗ ಅದನ್ನು ಹಾಳು ಮಾಡುವುದು ಹೇಗೆ? ಬಚ್ಚಲ ಒಲೆಗೆ ಹಾಕಲು ಮನಸ್ಸಾಗಲಿಲ್ಲ, ಪ್ಲಾಸ್ಟಿಕ್ ಹೊಗೆ ಮನೆಯೆಲ್ಲ ತುಂಬುತ್ತದೆ. ಕಾಗದ ಚೂರು ಮಾಡುವ ಶ್ರೆಡ್ಡರ್‌ಗೆ ಕೊಟ್ಟರೆ ಹಾಳೆ ಹಲ್ಲಿಗೆ ಸುತ್ತಿಕೊಂಡು ಮೆಷಿನ್ನೇ ನಿಂತಿತು. ಕೊನೆಗೆ ಕೆಲಸಕ್ಕೆ ಬಂದಿದ್ದು ಕಟ್ಟರ್ ಬ್ಲೇಡ್. ಸುರುಳಿಯನ್ನು ಬಿಚ್ಚದೆ ಮಣೆ ಮೇಲಿಟ್ಟು, ಉದ್ದಕ್ಕೆ ಒಳಗಿನ ರಟ್ಟಿನ ಕೊಳವೆ ಸಿಗುವ ತನಕ ಸೀಳಬೇಕು. ಒಂದೇ ಸಲ ಸೀಳಿ ಸುಮ್ನಾಗಬೇಡಿ. ನಾನು ಮೊದಲು ಹಾಗೇ ಮಾಡಿದೆ, ಸುರುಳಿಯ ಸುತ್ತಳತೆ ಹೆಚ್ಚುಕಡಿಮೆ ಒಂದು ಲೇಬಲ್ ಉದ್ದವೇ ಇದ್ದಿದ್ದರಿಂದ ಒಂದೊಂದು ತುಂಡಲ್ಲೂ ಒಬ್ಬೊಬ್ಬರ ವಿಳಾಸ ಪೂರ್ತಿ ಸಿಕ್ಕಿತು. ಈಗ ಸುತ್ತಲೂ ಆರೇಳು ಕಡೆ ಸೀಳಿ, ಬಂದ ಪಟ್ಟಿಗಳನ್ನು ಅಡ್ಡಕ್ಕೂ ಕತ್ತರಿಸಿ ಕಲಸಿಬಿಡುತ್ತೇನೆ. ಕೈಗೆ ಮಸಿ ಆಗುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಅದಕ್ಕಿಂತ ಒಳ್ಳೆಯ ದಾರಿ ಆಮೇಲೆ ಹೊಳೆಯಿತು. ನಾವು ರಿಬ್ಬನ್ ತಂದಿದ್ದೇ ಉಪ್ಪಿನಕಾಯಿ ಬಾಟಲಿಗೆ, ಯಾಕೆಂದರೆ ಡೈರೆಕ್ಟ್ ಥರ್ಮಲ್ ಲೇಬಲ್‌ಗೆ ಎಣ್ಣೆ ತಾಗಿದರೆ ಅಕ್ಷರ ಮಾಸಿಹೋಗುತ್ತದೆ. ಆದರೆ ಪಾರ್ಸೆಲ್ ಮೇಲಿನ ವಿಳಾಸಕ್ಕೆ ಎಣ್ಣೆ ಯಾಕೆ ತಾಗುತ್ತದೆ? ಅದು ನಾಲ್ಕೈದು ದಿನ ಉಳಿದರೆ ಸಾಕು, ಅಲ್ವಾ? ರಿಬ್ಬನ್ ಹಾಕುವ ಬಹಳಷ್ಟು ಪ್ರಿಂಟರ್‌ಗಳು ರಿಬ್ಬನ್ ಇಲ್ಲದೆಯೂ ಓಡುತ್ತವೆ. ರಿಬ್ಬನ್ ತೆಗೆದು, ಸೆಟ್ಟಿಂಗ್‌ನಲ್ಲಿ ಡೈರೆಕ್ಟ್ ಥರ್ಮಲ್ ಅಂತ ಬದಲಿಸಿ, ಅದಕ್ಕೆ ಸರಿಯಾದ ಲೇಬಲ್ ರೋಲ್ ಹಾಕಿದರೆ ಆಯಿತು. ಈಗ ಬೆಳಿಗ್ಗೆ ಬಾಟಲಿ ಲೇಬಲ್ ರಿಬ್ಬನ್‌ನಲ್ಲಿ, ಮಧ್ಯಾಹ್ನ ವಿಳಾಸದ ಲೇಬಲ್ ರಿಬ್ಬನ್ ಇಲ್ಲದೆ. ಮಳೆಗಾಲದಲ್ಲಿ ಮಾತ್ರ ವಿಳಾಸದ ಮೇಲೆ ಅಗಲದ ಟೇಪ್ ಹಚ್ಚುತ್ತೇನೆ.

ತಪ್ಪಾಗಿ ಬಂದ ಲೇಬಲ್‌ಗಳದ್ದು ಬೇರೆ ಕಥೆ. ಮೊದಲು ಮಾರ್ಕರ್‌ನಿಂದ ಗೀಚುತ್ತಿದ್ದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕೆಳಗಿನ ಅಕ್ಷರ ಕಾಣುತ್ತದೆ, ನೀವೇ ನೋಡಿ. ಬಿಸಿಲಲ್ಲಿಟ್ಟು ಮಾಸಿದರೂ ನಂಬಬೇಡಿ, ಮಾಸಿದ ಥರ್ಮಲ್ ಅಕ್ಷರವನ್ನು ಹದವಾಗಿ ಬಿಸಿ ಮಾಡಿ ಮತ್ತೆ ಓದುವ ಹಾಗೆ ಮಾಡಲು ಬರುತ್ತದೆ. ನಾನೀಗ ಇಸ್ತ್ರಿಪೆಟ್ಟಿಗೆ ಬಳಸುತ್ತೇನೆ. ಲೇಬಲ್ ಮೇಲೆ ಹಳೇ ಪೇಪರ್ ಹಾಸಿ, ಕಿಟಕಿ ತೆಗೆದಿಟ್ಟು, ಮೇಲಿಂದ ಇಸ್ತ್ರಿ ಎಳೆದರೆ ಬಿಳಿ ಉಳಿದಿದ್ದೆಲ್ಲ ಕಪ್ಪಾಗಿ ಅಕ್ಷರ ಅದರೊಳಗೆ ಮುಳುಗುತ್ತದೆ. ಆಮೇಲೆ ಚೂರು ಚೂರು ಮಾಡುತ್ತೇನೆ. ಬಾರ್‌ಕೋಡ್, ಕ್ಯೂಆರ್ ಕೋಡ್ ಕೂಡ ಹೋಗಲೇಬೇಕು. ಕೆಲವು ಕ್ಯೂಆರ್‌ನಲ್ಲಿ ಹೆಸರು, ಫೋನ್ ನಂಬರ್ ಎಲ್ಲ ತುಂಬಿರುತ್ತದೆ, ಮೇಲಿನ ಅಕ್ಷರ ಹರಿದು ಅದನ್ನು ಬಿಟ್ಟರೆ ಏನೂ ಮಾಡಿದ ಹಾಗಾಗಲಿಲ್ಲ.

ಒಮ್ಮೆ ಶುರುವಾದ ಮೇಲೆ ಎಲ್ಲ ಕಡೆಯೂ ಕಣ್ಣು ಹೋಯಿತು. ಪ್ರಿಂಟರ್ ಜೊತೆ ಬಂದ ಮೊಬೈಲ್ ಆ್ಯಪ್ ನನ್ನ ಕಾಂಟ್ಯಾಕ್ಟ್ಸ್ ಕೇಳುತ್ತಿತ್ತು. ಲೇಬಲ್ ಒತ್ತಲು ಅದ್ಯಾಕೆ ಬೇಕು? ಆ್ಯಪ್ ತೆಗೆದು ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಹಾಕಿದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಮೂರು ವರ್ಷದ ಪಿಡಿಎಫ್ ಲೇಬಲ್‌ಗಳು ಬಿದ್ದಿದ್ದವು, ಈಗ ತಿಂಗಳ ಕೊನೆಗೆ ಅಳಿಸುತ್ತೇನೆ. ವಿಂಡೋಸ್‌ನ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಒತ್ತಿದ ಫೈಲ್‌ಗಳನ್ನು ಇಟ್ಟುಕೊಳ್ಳುವ ಒಂದು ಆಯ್ಕೆ ಇದೆ, ಅದಕ್ಕೆ ಟಿಕ್ ಇದ್ದರೆ ತೆಗೆಯಿರಿ. ರಿಪೇರಿಗೆ ಕೊಡುವ ಮುಂಚೆ ಪ್ರಿಂಟರ್ ಒಳಗಿನ ರಿಬ್ಬನ್ ತೆಗೆದಿಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ವಾಟ್ಸಾಪ್ ಸ್ಟೇಟಸ್ ನೋಡಿ. "ಇವತ್ತಿನ ಪಾರ್ಸೆಲ್‌ಗಳು" ಅಂತ ಜಗಲಿಯಲ್ಲಿ ಪೆಟ್ಟಿಗೆ ಜೋಡಿಸಿ ಎಷ್ಟು ಫೋಟೋ ಹಾಕಿದ್ದೆ! ಎಲ್ಲದರಲ್ಲೂ ಲೇಬಲ್ ಎದುರಿಗೆ, ದೊಡ್ಡದು ಮಾಡಿದರೆ ಓದಬಹುದು. ಆ ಗಿರಾಕಿಗಳಲ್ಲಿ ಒಂಟಿಯಾಗಿ ಇರುವ ವಯಸ್ಸಾದವರು ಎಷ್ಟೋ ಮಂದಿ. ಒಬ್ಬರು ರಿಟೈರ್ಡ್ ಟೀಚರ್, "ಹಪ್ಪಳದ ಪಾರ್ಸೆಲ್ ನಿಂತಿದೆ, ಲಿಂಕ್ ಒತ್ತಿ ಐದು ರೂಪಾಯಿ ಕಟ್ಟಿ ಅಂತ ಫೋನ್ ಬಂತು ಕಣಮ್ಮ, ನೀವಾ?" ಅಂತ ಕೇಳಿದ್ದರು. ದೇವರ ದಯೆ, ಅವರು ಒತ್ತಿರಲಿಲ್ಲ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಹೇಳಿದೆ. ಅವರ ನಂಬರ್ ಎಲ್ಲಿಂದ ಹೋಯಿತೋ ಗೊತ್ತಾಗಲಿಲ್ಲ, ಆದರೆ ನನ್ನ ಕಡೆಯಿಂದ ಅಲ್ಲ ಅಂತ ಎದೆ ತಟ್ಟಿ ಹೇಳಲು ಆಗಲಿಲ್ಲ. ಈಗ ಲೇಬಲ್ ಹಚ್ಚುವ ಮುಂಚೆ ಫೋಟೋ. ಲೇಬಲ್ ಮೇಲೆ ಒಳಗೇನಿದೆ ಅಂತ ಬರೆಯುವುದನ್ನೂ ಕೊರಿಯರ್‌ನವರು ಕೇಳದಿದ್ದರೆ ಬಿಟ್ಟಿದ್ದೇನೆ. ಕಳಿಸುವವರ ಜಾಗದಲ್ಲಿ ನನ್ನ ಸ್ವಂತ ನಂಬರ್ ಇಲ್ಲ, ಬೇರೆ ಸಿಮ್ ತಗೊಂಡೆ.

ಈ ಸಲ ಭತ್ತ ತೆನೆಗೆ ಬಂದಾಗ ಭಾವ ಮತ್ತೆ ಬಂದು "ಪಟ್ಟಿ ಇದೆಯಾ?" ಅಂದರು. ಬಾಟಲಿ ಲೇಬಲ್‌ನ ರಿಬ್ಬನ್ ಕೊಟ್ಟೆ, ಕೊಯ್ಲಾದ ಮೇಲೆ ವಾಪಸ್ ತಂದುಕೊಡಿ ಅಂತ ಹೇಳಿ. ಈಗ ಬಿಸಿಲಿಗೆ ಹಿಡಿದು ನೋಡಿದರೆ ಅದರಲ್ಲಿ ಕಾಣುವುದು ಮಾವಿನಮಿಡಿ, ಉಪ್ಪು, ಮೆಣಸು, ಸಾಸಿವೆ.