ಸೆಲ್ಫ್ ತಿರುಗುತ್ತದೆ, ಗಾಡಿ ಚಾಲೂ ಆಗುವುದಿಲ್ಲ: ಪೆಟ್ರೋಲ್ ಎಲ್ಲಿ ನಿಂತಿತು?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬಾಗಲಕೋಟೆಯಿಂದ ವಿಜಯಪುರಕ್ಕೆ ಹೊರಟವನು ಕೊಲ್ಹಾರದಲ್ಲಿ ಕಾರು ನಿಲ್ಲಿಸಿದೆ. ಆ ದಾರಿಯಲ್ಲಿ ಬಂದು ಕೊಲ್ಹಾರದ ಮೊಸರು ಒಯ್ಯದಿದ್ದರೆ ಮನೆಯಲ್ಲಿ ಕೇಳುತ್ತಾರೆ. ಗಡಿಗೆ ಕಟ್ಟಿಸಿಕೊಂಡು ಬಂದು ಚಾವಿ ತಿರುಗಿಸಿದೆ. ಸೆಲ್ಫ್ ಗರ್‍ರ್ ಅಂತ ಜೋರಾಗಿಯೇ ತಿರುಗಿತು. ಎಂಜಿನ್ ಹಿಡಿಯಲಿಲ್ಲ. ಮತ್ತೆ ಹೊಡೆದೆ. ಮತ್ತೆ. ಹಿಂದಿನ ತಿಂಗಳಷ್ಟೇ ಇದೇ ತೊಂದರೆಗೆ ಒಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್ ಬದಲಿಸಿ ಆರು ಸಾವಿರ ಕೊಟ್ಟು ಬಂದಿದ್ದೆ. ಹೊಟ್ಟೆ ಉರಿಯಿತು.

ಪಕ್ಕದಲ್ಲಿ ಪಂಕ್ಚರ್ ತೆಗೆಯುತ್ತಿದ್ದ ಕಾಕಾ ಎದ್ದು ಬಂದರು. "ಸೆಲ್ಫ್ ಹೊಡಿಬ್ಯಾಡ್ರಿ ಸರ, ಬ್ಯಾಟರಿ ಸಾಯ್ತೈತಿ. ಚಾವಿ ಆನ್ ಮಾಡಿ ಸುಮ್ನ ಕುಂದರ್ರಿ" ಅಂದರು. ಹಿಂದಿನ ಬಾಗಿಲು ತೆಗೆದು ಸೀಟಿಗೆ ಕಿವಿ ಹಚ್ಚಿದರು. "ಪಂಪ್ ಮಾತಾಡವಲ್ದು" ಅಂದವರೇ ಬಾನೆಟ್ ಎತ್ತಿ, ಕರಿ ಡಬ್ಬಿಯಿಂದ ಹಾರ್ನಿನ ರಿಲೇ (ಕರೆಂಟ್ ಹಾಯಿಸುವ ಪುಟ್ಟ ಸ್ವಿಚ್) ಕಿತ್ತು ಪಂಪಿನ ರಿಲೇ ಜಾಗಕ್ಕೆ ಒತ್ತಿದರು. ಒಂದೇ ಸೆಲ್ಫಿಗೆ ಗಾಡಿ ಚಾಲೂ! ಹಾರ್ನ್ ಇಲ್ಲದೆ, ನಿಧಾನಕ್ಕೆ ವಿಜಯಪುರ ಮುಟ್ಟಿದೆ. ಕೆಟ್ಟಿದ್ದು ಬಿಸಿಲಿಗೆ ಕಾದಾಗಲೆಲ್ಲ ಕೈಕೊಡುತ್ತಿದ್ದ ಒಂದು ಸಣ್ಣ ರಿಲೇ. ಪಂಪ್ ಮೊದಲೂ ಚೆನ್ನಾಗಿಯೇ ಇತ್ತು.

ಆ ಕಾಕಾ ಮಾಡಿದ್ದನ್ನೇ ಕ್ರಮವಾಗಿ ಬರೆಯುತ್ತಿದ್ದೇನೆ. ಮೊದಲು ಕೇಳಬೇಕು, ಮೂಸಬೇಕು, ನೋಡಬೇಕು. ಪಾನಾ ಹಿಡಿಯುವುದು ಆಮೇಲೆ. ಒಂದು ಮಾತು: ನಮ್ಮ ಕಡೆ 'ಪಂಪ್' ಅಂದರೆ ಪೆಟ್ರೋಲ್ ಹಾಕಿಸುವ ಜಾಗ. ಇಲ್ಲಿ ಗೊಂದಲ ಬೇಡ ಅಂತ ಅದನ್ನು ಬಂಕ್ ಎನ್ನುತ್ತೇನೆ. ಪಂಪ್ ಅಂದರೆ ಟ್ಯಾಂಕಿನೊಳಗಿನ ಕರೆಂಟಿನ ಪಂಪ್.

ಇದು ಪೆಟ್ರೋಲಿನ ತಕರಾರು ಹೌದಾ?

ಚಾವಿ ತಿರುಗಿಸಿದಾಗ ಏನೂ ಆಗದಿದ್ದರೆ, ಅಥವಾ ಬರೀ ಟಿಕ್ ಟಿಕ್ ಎಂದರೆ ಅದು ಬ್ಯಾಟರಿ, ಟರ್ಮಿನಲ್ ಅಥವಾ ಸೆಲ್ಫ್ ಮೋಟರಿನ ಕಥೆ. ಈ ಲೇಖನ ಅದಕ್ಕಲ್ಲ. ಸೆಲ್ಫ್ ತಿರುಗಿದರೂ ಎಳೆದೆಳೆದು ತಿರುಗುತ್ತಿದ್ದರೆ ಮೊದಲು ಬ್ಯಾಟರಿ ನೋಡಿ. ನಿಂತ ಗಾಡಿಯಲ್ಲಿ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಅನುಮಾನ ಅಲ್ಲೇ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಮೀಟರಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ಚಾವಿಯ ಅಥವಾ ಬೀಗದ ಚಿತ್ರದ ದೀಪ ಒಂದೇ ಸಮನೆ ಮಿಣುಕುತ್ತಿದ್ದರೆ ಗಾಡಿಗೆ ನಿಮ್ಮ ಚಾವಿಯ ಗುರುತು ಸಿಕ್ಕಿಲ್ಲ ಎಂದರ್ಥ. ಕಳ್ಳತನ ತಡೆಯುವ ಆ ವ್ಯವಸ್ಥೆ ತುಂಬಾ ಕಾರುಗಳಲ್ಲಿ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಇನ್ನೊಂದು ಚಾವಿ ಇದ್ದರೆ ಅದರಿಂದ ಪ್ರಯತ್ನಿಸಿ. ಇಷ್ಟಕ್ಕೇ ಗಾಡಿ ಎಳೆಸಿಕೊಂಡು ಗ್ಯಾರೇಜಿಗೆ ಹೋದವರಿದ್ದಾರೆ.

ಸೆಲ್ಫ್ ಹೊಡೆಯುವುದಕ್ಕೂ ಲೆಕ್ಕ ಇದೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು. ನಡುವೆ ಅರ್ಧ ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಟ್ಟು, ಒಂದಿದ್ದ ಕೆಲಸ ಎರಡಾಗುತ್ತದೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ?

ನಗಬೇಡಿ. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿದ್ದರೂ ಒಳಗೆ ಏನೂ ಇಲ್ಲದಿರಬಹುದು. ಟ್ಯಾಂಕಿನೊಳಗೆ ತೇಲುವ ಬುರುಡೆಯೊಂದು ಏರಿ ಇಳಿದು ಮುಳ್ಳಿಗೆ ಸುದ್ದಿ ಕೊಡುತ್ತದೆ. ಅದು ಸಿಕ್ಕಿಕೊಂಡರೆ ಮುಳ್ಳು ಸುಳ್ಳು ಹೇಳುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಸ್ವಲ್ಪವೇ ಪೆಟ್ರೋಲ್ ಇದ್ದರೆ ಅದು ಒಂದು ಮೂಲೆಗೆ ಸರಿದು ಪಂಪಿಗೆ ಸಿಗದೇ ಹೋಗಬಹುದು. ನಾಲ್ಕೈದು ಲೀಟರ್ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಹಾಕಿದ ಪೆಟ್ರೋಲ್ ಎಲ್ಲಿಗೂ ಹೋಗುವುದಿಲ್ಲವಲ್ಲ.

ಯಾವಾಗಲೂ ನೂರು, ಇನ್ನೂರರ ಪೆಟ್ರೋಲ್ ಹಾಕಿಸಿ ರಿಸರ್ವ್‌ನಲ್ಲೇ ಓಡಿಸುವವರಿಗೆ ಒಂದು ಮಾತು. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದೇ ಸುತ್ತಲಿನ ಪೆಟ್ರೋಲಿನಿಂದ. ಪೆಟ್ರೋಲ್ ತಳ ಹಿಡಿದಷ್ಟೂ ಪಂಪ್ ಕಾಯುತ್ತದೆ, ಬೇಗ ಸಾಯುತ್ತದೆ. ವಿಜಯಪುರದ ಬೇಸಿಗೆ ಬೇರೆ ಕೇಳಬೇಕೆ?

ಕಿವಿ ಹಚ್ಚಿ

ನನಗೆ ಕೇಳಿದರೆ ಈ ಲೇಖನದಲ್ಲಿ ಇದೊಂದನ್ನು ಕಲಿತರೂ ಸಾಕು. ಎಸಿ, ರೇಡಿಯೊ, ಫ್ಯಾನ್ ಎಲ್ಲ ಬಂದ್ ಮಾಡಿ. ಒಬ್ಬರು ಹಿಂದಿನ ಸೀಟಿನಲ್ಲಿ ಕೂರಲಿ. ಸೆಲ್ಫ್ ಹೊಡೆಯದೆ ಚಾವಿಯನ್ನು ಆನ್ ಮಾಡಿ, ಅಷ್ಟೇ. ಮೀಟರಿನ ದೀಪಗಳು ಹತ್ತಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ 'ಜೂಂ' ಎಂಬ ಸಣ್ಣ ಸದ್ದು ಎರಡು-ಮೂರು ಸೆಕೆಂಡ್ ಬಂದು ನಿಲ್ಲಬೇಕು. ಪಂಪ್ ಪೈಪಿಗೆ ಪೆಟ್ರೋಲ್ ತುಂಬಿಸುವ ಸದ್ದು ಅದು. ಗದ್ದಲ ಇದ್ದರೆ ಪೆಟ್ರೋಲ್ ಹಾಕುವ ಮುಚ್ಚಳ ತೆಗೆದು ಅಲ್ಲಿ ಆಲಿಸಿ. ಗಾಡಿ ಚೆನ್ನಾಗಿದ್ದಾಗಲೇ ಒಮ್ಮೆ ಈ ಸದ್ದು ಕೇಳಿಟ್ಟುಕೊಳ್ಳಿ. ಕೆಟ್ಟ ದಿನ ಗುರುತು ಸಿಗುತ್ತದೆ.

ಸದ್ದೇ ಇಲ್ಲವೆಂದರೆ ಅಗ್ಗದ್ದರಿಂದ ಶುರು ಮಾಡಿ. ಮೊದಲು ಫ್ಯೂಸ್. ಫ್ಯೂಸ್ ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಯಾವುದು ಯಾವುದರದ್ದು ಅಂತ ಅಚ್ಚು ಹಾಕಿರುತ್ತಾರೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದು ಹಾಕಿ. 15ರ ಜಾಗಕ್ಕೆ 30ರದ್ದು ಹಾಕುವುದು, ತಂತಿ ಸುತ್ತಿ ಸಾಗಿಸುವುದು ಬೇಡ. ಟ್ಯಾಂಕಿನ ವೈರಿಗೇ ಬೆಂಕಿ ಹತ್ತಬಹುದು. ಹೊಸ ಫ್ಯೂಸೂ ತಕ್ಷಣ ಸುಟ್ಟರೆ ಎಲ್ಲೋ ವೈರ್ ತಾಗುತ್ತಿದೆ, ಎಲೆಕ್ಟ್ರಿಷಿಯನ್ ಬೇಕು.

ಆಮೇಲೆ ರಿಲೇ. ಅದೇ ಡಬ್ಬಿಯಲ್ಲಿ ಅದೇ ನಂಬರಿನ ರಿಲೇ ಇನ್ನೊಂದು ಇರುತ್ತದೆ. ಸಾಮಾನ್ಯವಾಗಿ ಹಾರ್ನಿನದ್ದೋ ಎಸಿಯದ್ದೋ. ಚಾವಿ ಆಫ್ ಮಾಡಿ ಅದಲು ಬದಲು ಮಾಡಿ ನೋಡಿ. ಮೇಲಿನ ನಂಬರ್ ಮತ್ತು ಕಾಲುಗಳ ಜೋಡಣೆ ಎರಡೂ ಒಂದೇ ಇರಬೇಕು, ಅದನ್ನು ಮರೆಯಬೇಡಿ. ಕೆಲವು ಹೊಸ ಗಾಡಿಗಳಲ್ಲಿ ರಿಲೇಯನ್ನು ಹೀಗೆ ಕಿತ್ತು ಹಾಕಲು ಬರುವುದಿಲ್ಲ.

ಹಳೆಯ ಫಿಯಟ್, ಫೋರ್ಡ್ ಕಾರುಗಳಲ್ಲಿ ಕೆಲವಕ್ಕೆ ಇನ್ನೊಂದು ಸ್ವಿಚ್ ಇದೆ. ಗಾಡಿಗೆ ಜೋರಾಗಿ ಗುದ್ದು ಬಿದ್ದರೆ ಅದು ಪಂಪನ್ನು ನಿಲ್ಲಿಸುತ್ತದೆ. ಅಪಘಾತದಲ್ಲಿ ಪೆಟ್ರೋಲ್ ಚೆಲ್ಲಬಾರದು ಅಂತ ಮಾಡಿದ್ದು. ದೊಡ್ಡ ಗುಂಡಿಗೆ ಬಿದ್ದಾಗಲೂ ಒಮ್ಮೊಮ್ಮೆ ಎಗರುತ್ತದೆ. ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಆ ಸ್ವಿಚ್ಚಿನ ಮೇಲಿನ ಬಟನ್ ಒತ್ತಿದರೆ ಮುಗಿಯಿತು.

ಜೋಳದ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಇಲಿಗಳು ಊರೊಳಗೆ ಬರುತ್ತವೆ, ಗೊತ್ತಿರಬಹುದು. ಬಾನೆಟ್ಟಿನೊಳಗೆ ಬೆಚ್ಚಗಿರುತ್ತದಲ್ಲ. ವೈರ್ ಕಡಿದಿದೆಯಾ, ಎಲ್ಲಾದರೂ ಹಿಕ್ಕೆ, ಹುಲ್ಲು ಬಿದ್ದಿದೆಯಾ ಟಾರ್ಚ್ ಬಿಟ್ಟು ನೋಡಿ.

ಇಷ್ಟೆಲ್ಲ ಸರಿ ಇದ್ದೂ ಸದ್ದಿಲ್ಲವಾ? ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಪಂಪಿನ ಸಾಕೆಟ್ ಸಿಗುತ್ತದೆ. ಚಾವಿ ಆನ್ ಮಾಡಿದ ಆ ಎರಡು ಸೆಕೆಂಡಿನಲ್ಲಿ ಅಲ್ಲಿಗೆ 12 ವೋಲ್ಟ್ ಬರುತ್ತಿದೆಯಾ, ಅರ್ತಿಂಗ್ ಸರಿ ಇದೆಯಾ ಅಂತ ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡಬೇಕು. ಎರಡೂ ಸರಿ ಇದ್ದು ಪಂಪ್ ಸುಮ್ಮನಿದ್ದರೆ ಮಾತ್ರ ಪಂಪ್ ಸತ್ತಿದೆ ಅನ್ನಿ. ನನ್ನ ಆರು ಸಾವಿರ ಹೋಗಿದ್ದು ಈ ಒಂದು ನಿಮಿಷದ ಕೆಲಸ ಯಾರೂ ಮಾಡದ್ದಕ್ಕೆ.

ರಸ್ತೆ ನಡುವೆ ಸಿಕ್ಕಿಬಿದ್ದವರಿಗೆ ಹಳೆಯ ಉಪಾಯವೊಂದಿದೆ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ರಬ್ಬರ್ ಚಪ್ಪಲಿಯಿಂದಲೋ ಕಟ್ಟಿಗೆಯ ತುಂಡಿನಿಂದಲೋ ಮೆಲ್ಲಗೆ ನಾಲ್ಕು ಏಟು ಹಾಕಬೇಕು. ಸವೆದ ಪಂಪ್ ಒಮ್ಮೊಮ್ಮೆ ಎದ್ದು ಕೂರುತ್ತದೆ. ಗಾಡಿ ಚಾಲೂ ಆದರೆ ಬಂದ್ ಮಾಡದೆ ನೇರ ಗ್ಯಾರೇಜಿಗೆ ಹೋಗಿ.

ಸದ್ದು ಬರುತ್ತದೆ, ಆದರೂ ಹಿಡಿಯುವುದಿಲ್ಲ

ಪಂಪ್ ತಿರುಗಿದರೆ ಸಾಲದು, ಒತ್ತಡ ಬೇಕು. ನಾವು ಕಾರಿನ ಟೈರಿಗೆ 33 ಪಾಯಿಂಟ್ ಗಾಳಿ ಹಾಕಿಸುತ್ತೇವೆ, ಅಲ್ವಾ? ಸಾಮಾನ್ಯ ಪೆಟ್ರೋಲ್ ಕಾರಿನ ಪೈಪಿನಲ್ಲಿ ಅದೇ ಲೆಕ್ಕದಲ್ಲಿ 45ರಿಂದ 60, ಅಂದರೆ 3ರಿಂದ 4 ಬಾರ್ ಇರಬೇಕು. ಫಿಲ್ಟರ್ ಕಟ್ಟಿದ್ದರೆ, ಪಂಪ್ ಸವೆದಿದ್ದರೆ, ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಸೋರುತ್ತಿದ್ದರೆ ಅಷ್ಟು ಬರುವುದಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಚಾವಿ ಆನ್ ಮಾಡಿ, ಸದ್ದು ನಿಂತ ಮೇಲೆ ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ, ನಾಲ್ಕನೆಯ ಸಲ ಸೆಲ್ಫ್ ಹೊಡೆಯಿರಿ. ಆಗ ಥಟ್ಟನೆ ಚಾಲೂ ಆದರೆ ನಿಂತಾಗ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಪಂಪಿನ ವಾಲ್ವ್ ಹಿಡಿಯುತ್ತಿಲ್ಲ ಅಥವಾ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಬೆಳಿಗ್ಗೆ ಮಾತ್ರ ಸತಾಯಿಸುವ ಗಾಡಿಗಳಲ್ಲಿ ಇದು ಜಾಸ್ತಿ.

ಇನ್ನು ಮೂಗಿನ ಕೆಲಸ. ನಾಲ್ಕಾರು ಸಲ ಸೆಲ್ಫ್ ಹೊಡೆದ ಮೇಲೆ ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ ಗಪ್ಪೆಂದು ಬಂದರೆ ಪೆಟ್ರೋಲ್ ಎಂಜಿನ್‌ವರೆಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಐದರಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಗಾಡಿಗಳಲ್ಲಿ ಹೀಗೆ ಮಾಡಿದಾಗ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನು ನಿಲ್ಲಿಸುತ್ತದೆ, ಒಳಗೆ ತುಂಬಿದ್ದು ಗಾಳಿಯ ಜೊತೆ ಹೊರಹೋಗುತ್ತದೆ. ಪ್ಲಗ್ ಬಿಚ್ಚಲು ಬರುವವರು ಬಿಚ್ಚಿ ನೋಡಿ. ಒದ್ದೆ ಇದ್ದರೆ ಕಿಡಿಯ ತೊಂದರೆ ಇರಬಹುದು, ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ.

ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ ಅಂದರೆ ಪಂಪಿನ ಹಿಂದೆ ಬೀಳಬೇಡಿ. ಎಂಜಿನ್ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ಹೇಳುವ ಕ್ರ್ಯಾಂಕ್ ಸೆನ್ಸರ್ ಕೆಟ್ಟಿರಬಹುದು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಒಂಚೂರೂ ಅಲುಗದಿದ್ದರೆ ಅನುಮಾನ ಗಟ್ಟಿ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0335 ಬಂದರೆ ಈ ಸೆನ್ಸರಿನ ಸರ್ಕ್ಯೂಟ್, ಪಿ0230 ಬಂದರೆ ಪಂಪಿನ ಸರ್ಕ್ಯೂಟ್, ಪಿ0087 ಬಂದರೆ ಒತ್ತಡ ಕಡಿಮೆ. ಕೋಡ್ ತೋರಿಸುವುದು ಓಣಿಯನ್ನು, ಮನೆ ನಾವೇ ಹುಡುಕಬೇಕು.

ಬಂಕಿನಿಂದ ಬಂದ ಮೇಲೆ ನಿಂತರೆ

ಪೆಟ್ರೋಲ್ ಹಾಕಿಸಿ ಒಂದೆರಡು ಕಿಲೋಮೀಟರ್ ಓಡಿ ಗಾಡಿ ನಿಂತರೆ ಮೊದಲು ರಸೀದಿ ನೋಡಿ. ಪೆಟ್ರೋಲ್ ಗಾಡಿಗೆ ಡೀಸೆಲ್ ಬಿದ್ದಿದ್ದರೆ ಮತ್ತೆ ಚಾವಿ ಮುಟ್ಟಬೇಡಿ. ಟ್ಯಾಂಕ್ ಖಾಲಿ ಮಾಡಿಸಿ, ಪೈಪ್ ತೊಳೆಸಬೇಕು.

ಇನ್ನೊಂದು ಸಾಧ್ಯತೆ ನೀರು. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಮುಧೋಳ, ಜಮಖಂಡಿ, ಅಥಣಿ ಕಡೆಯವರಿಗೆ ಎಥನಾಲ್ ಹೊಸದಲ್ಲ, ನಮ್ಮ ಕಬ್ಬಿನಿಂದಲೇ ಬರುವುದು. ಅದಕ್ಕೆ ನೀರು ಹೀರುವ ಗುಣ ಇದೆ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲಿ ಬೆರೆತು ಉರಿದು ಹೋಗುತ್ತದೆ. ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಸೇರಿ ಬೇರೆಯಾಗಿ ತಳಕ್ಕಿಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ಎರಡು ಪದರ ಕಂಡರೆ ಕಾರಣ ಸಿಕ್ಕಿತು. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ ಪಡೆಯುವ ಹಕ್ಕೂ ಗ್ರಾಹಕರಿಗಿದೆ. ಅದರ ಮೇಲೆ ಬಿದ್ದ ಪೆಟ್ರೋಲ್ ಹನಿ ಕಲೆ ಉಳಿಸದೆ ಆರಬೇಕು. ಆದರೆ ಆ ಪರೀಕ್ಷೆ ಕಲಬೆರಕೆಗೆ, ನೀರಿಗಲ್ಲ.

ಇನ್ನೂ ಇಂಜೆಕ್ಟರ್ ಇಲ್ಲದ ಹಳೆಯ ಕಾರ್ಬ್ಯುರೇಟರ್ ಗಾಡಿ ಇಟ್ಟುಕೊಂಡಿರುವ ಪುಣ್ಯಾತ್ಮರಿಗೆ ಬೇಸಿಗೆಯ ಕಾಟ ಬೇರೆ. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯುವುದಿಲ್ಲ. ಈ ಗಾಡಿಗಳಲ್ಲಿ ಎಂಜಿನ್ ಪಕ್ಕದಲ್ಲೇ ಇರುವ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಚಹಾ ಕುಡಿದು ಬಂದರೆ ಚಾಲೂ ಆಗುತ್ತದೆ.

ಡೀಸೆಲ್ ಗಾಡಿಯವರು

ಡೀಸೆಲ್ ಮುಗಿದು ನಿಂತ ಗಾಡಿಗೆ ಮತ್ತೆ ಡೀಸೆಲ್ ಹಾಕಿದರೂ ಹಿಡಿಯುವುದಿಲ್ಲ, ಏರ್ ಹಿಡಿದಿರುತ್ತದೆ. ಫಿಲ್ಟರ್ ಹತ್ತಿರ ಕೈಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಏರ್ ತೆಗೆಯಬೇಕು. ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಮೀಟರಿನಲ್ಲಿ ನೀರಿನ ದೀಪ ಹತ್ತಿದರೆ ಅದನ್ನು ಸಡಿಲಿಸಿ ನೀರು ಇಳಿಸಿ. ಬೆಳಗಾವಿಯ ಚಳಿಯಲ್ಲಿ ಬೆಳಿಗ್ಗೆ ಹೀಟರ್ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ.

ಇದರಾಚೆ ಕೈ ಹಾಕಬೇಡಿ. ಹಳೆಯ ಡೀಸೆಲ್ ಗಾಡಿಗಳಲ್ಲಿ ಇಂಜೆಕ್ಟರಿನ ನಟ್ಟು ಸಡಿಲಿಸಿ ನೋಡುತ್ತಿದ್ದರು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಯಷ್ಟು ಸಣ್ಣ ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಬೆರಳೇ ಕಳೆದುಕೊಳ್ಳುವ ಅಪಾಯವಿದೆ.

ಪೆಟ್ರೋಲ್ ಗಾಡಿಯಲ್ಲೂ ಪೈಪ್ ಬಿಚ್ಚುವ ಮೊದಲು ಒತ್ತಡ ಇಳಿಸಬೇಕು. ಬ್ಯಾಟರಿಯ ಮೈನಸ್ ತೆಗೆಯಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಹಾಗಾಗಿ ನೆಲದಲ್ಲೇ ಹರಡುತ್ತದೆ. ಹತ್ತಿರ ಬೀಡಿ, ಸಿಗರೇಟು ಯಾವುದೂ ಬೇಡ. ಪೈಪ್ ಹಾಕಿ ಬಾಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸವನ್ನಂತೂ ಬಿಟ್ಟುಬಿಡಿ, ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

ಗ್ಯಾರೇಜಿಗೆ ಹೋದಾಗ ಸುಮ್ನೆ 'ಚಾಲೂ ಆಗ್ತಿಲ್ಲ' ಅನ್ನಬೇಡಿ. ಪಂಪಿನ ಸದ್ದು ಬರುತ್ತದಾ, ವಾಸನೆ ಬಂತಾ, ಬಿಸಿ ಇದ್ದಾಗ ನಿಂತಿದ್ದಾ ತಣ್ಣಗಿದ್ದಾಗಲಾ, ಕೊನೆಗೆ ಪೆಟ್ರೋಲ್ ಹಾಕಿಸಿದ್ದು ಯಾವಾಗ, ಇಷ್ಟು ಹೇಳಿ. ಮಿಸ್ತ್ರಿ ಪಂಪ್ ಹೋಗಿದೆ ಅಂದರೆ "ಒತ್ತಡದ ಗೇಜ್ ಹಚ್ಚಿ ನೋಡಿದ್ರೇನ್ರಿ? ಸಾಕೆಟ್ಟಿಗೆ ಕರೆಂಟ್ ಬರಾಕತ್ತೈತೇನ್ರಿ?" ಅಂತ ಕೇಳಿ. ಹೂಂ ಅಂದರೆ ಬದಲಿಸಲಿ. ಹಳೆಯ ಪಂಪನ್ನು ಕೇಳಿ ಇಸಿದುಕೊಳ್ಳಿ. ನನ್ನದನ್ನು ಇಸಿದುಕೊಂಡಿದ್ದೆ. ಬ್ಯಾಟರಿಗೆ ಹಚ್ಚಿದರೆ ಈಗಲೂ ಜೂಂ ಅನ್ನುತ್ತದೆ.