ಗೋಡೆಯ ಕ್ಯಾಲೆಂಡರ್ ನೋಡಿ ಮಿರ್ಜಾನ ಕೋಟೆ, ಗೋಕರ್ಣದ ಕಡಲು: ನನ್ನ ಅನುಭವ

"ಪಂಚಾಂಗ ನೋಡಿ ಲಗ್ನದ ಮುಹೂರ್ತ ತಗೀತಾರ, ಸಮುದ್ರಕ್ಕ ಹೋಗಾಕ ಯಾರರ ನೋಡ್ತಾರೇನ್ರಿ?" ಎಂದು ಗೆಳೆಯರೆಲ್ಲ ಕೇಳಿದ್ದರು. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿ ಕಡಲ ನೀರು ಇಳಿಯುವ ಹೊತ್ತು ಹಾಕುವ ನನ್ನ ಲೆಕ್ಕ ಐದು ಸಲದಲ್ಲಿ ನಾಲ್ಕು ಸಲ ಅರ್ಧ ತಾಸಿನ ಆಚೀಚೆ ಸರಿಯಾಗಿ ಕೂಡಿ ಬಂತು. ಹುಬ್ಬಳ್ಳಿಯಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಿ, ಒಂದೇ ರಾತ್ರಿ ಉಳಿದು, ಕುಮಟಾ ಹತ್ತಿರದ ಮಿರ್ಜಾನ ಕೋಟೆ ಮುಗಿಸಿ, ನೀರು ಇಳಿದ ಹೊತ್ತಿಗೇ ಗೋಕರ್ಣದ ದಂಡೆಯ ಮೇಲೆ ನಿಲ್ಲುವ ಕ್ರಮ ಇದು. ಕಾರಿಲ್ಲದೆ ಆಗುವುದಿಲ್ಲ ಅಂದವರಿಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಲೆಕ್ಕ ಹೀಗಿದೆ. ಹುಣ್ಣಿಮೆ, ಅಮಾವಾಸ್ಯೆಯ ದಿನ ಕಾರವಾರದ ಕರಾವಳಿಯಲ್ಲಿ ಭರತ (ಕಡಲ ನೀರು ಪೂರ್ತಿ ಏರುವುದು) ಮಧ್ಯಾಹ್ನದ ಸುಮಾರಿಗೆ, ಇಳಿತ (ನೀರು ಪೂರ್ತಿ ಇಳಿಯುವುದು) ನಸುಕಿಗೆ ಮತ್ತು ಸಂಜೆ ಐದೂವರೆ ಸುಮಾರಿಗೆ. ದಿನಕ್ಕೆ ಹತ್ತಿರಹತ್ತಿರ 50 ನಿಮಿಷ ಮುಂದೆ ಹೋಗುತ್ತದೆ. ಹಿಂದಕ್ಕೆ ಎಣಿಸಿದರೆ ಹುಣ್ಣಿಮೆಗೆ ಮೂರು ದಿನ ಮೊದಲು, ಅಂದರೆ ದ್ವಾದಶಿಗೆ, ಇಳಿತ ಮಧ್ಯಾಹ್ನ ಮೂರರ ಸುಮಾರಿಗೆ ಬರುತ್ತದೆ. ತ್ರಯೋದಶಿಗೆ ನಾಲ್ಕರ ಹತ್ತಿರ. ನಮಗೆ ಬೇಕಾದದ್ದು ಇದೇ: ಮುಂಜಾನೆ ಪ್ರಯಾಣ, ಬಿಸಿಲೇರುವ ಹೊತ್ತಿಗೆ ಕೋಟೆ, ಮೂರಕ್ಕೆ ದಂಡೆ, ಹಾಗೇ ಕುಳಿತರೆ ಸೂರ್ಯಾಸ್ತ. ಶುಕ್ಲ, ಕೃಷ್ಣ ಎರಡೂ ಪಕ್ಷಕ್ಕೆ ಇದೇ ಲೆಕ್ಕ. ಏಕಾದಶಿಯಿಂದ ತ್ರಯೋದಶಿ ಒಳಗೆ ಶನಿವಾರ ಬೀಳಬೇಕು. ನವೆಂಬರಿನಿಂದ ಫೆಬ್ರುವರಿವರೆಗೆ ಅಂಥ ಶನಿವಾರ ಮೂರೋ ನಾಲ್ಕೋ ಸಿಗುತ್ತವೆ. ದೀಪಾವಳಿಗೇ ಗುರುತು ಹಾಕಿ ಇಟ್ಟುಕೊಳ್ಳಬೇಕು.

ಅಷ್ಟಮಿ ಬೇಡ. ಆ ದಿನ ಇಳಿತ ಮಧ್ಯಾಹ್ನವೇ ಬಂದರೂ ನೀರು ಎರಡು ಮೂರು ಅಡಿಗಿಂತ ಹೆಚ್ಚು ಇಳಿಯುವುದಿಲ್ಲ, ಬಂಡೆಗಳ ಬುಡ ಕಾಣುವುದೇ ಇಲ್ಲ. ಹುಣ್ಣಿಮೆ ಹತ್ತಿರವಾದಷ್ಟೂ ಇಳಿತ ಆಳ, ಐದಾರು ಅಡಿವರೆಗೆ.

ತಪ್ಪಿದ ಒಂದು ಸಲದ ಕಾರಣವನ್ನೂ ಹೇಳಬೇಕು. ಕ್ಯಾಲೆಂಡರಿನ ಚೌಕದಲ್ಲಿ ಅಚ್ಚಾಗಿರುವುದು ಸೂರ್ಯೋದಯದ ತಿಥಿ. ತಿಥಿ ಕ್ಷಯವಾದ, ಅಂದರೆ ಯಾವ ಸೂರ್ಯೋದಯಕ್ಕೂ ಸಿಗದೆ ಒಂದು ತಿಥಿ ಚೌಕದಿಂದ ಬಿಟ್ಟುಹೋದ ಪಕ್ಷದಲ್ಲಿ ದ್ವಾದಶಿ ಎಂದು ನೋಡಿ ಹೊರಟರೆ ಒಂದು ದಿನ ಏರುಪೇರು ಆಗುತ್ತದೆ, 50 ನಿಮಿಷ ಹೋದಂತೆ. ಅದಕ್ಕೇ ತಿಥಿಯ ಹೆಸರು ನೋಡಬೇಡಿ, ಹುಣ್ಣಿಮೆ ಇಲ್ಲವೇ ಅಮಾವಾಸ್ಯೆಯಿಂದ ಹಿಂದಕ್ಕೆ ದಿನ ಎಣಿಸಿ. ದಿನದ ಎರಡು ಇಳಿತ ಒಂದೇ ಸಮ ಇರುವುದಿಲ್ಲ, ಇದೂ ನೆನಪಿರಲಿ. ಹೊರಡುವ ಹಿಂದಿನ ದಿನ ಮೊಬೈಲಿನಲ್ಲಿ ಕಾರವಾರದ ಉಬ್ಬರವಿಳಿತದ ಪಟ್ಟಿ ತೆಗೆದು ತಾಳೆ ನೋಡುತ್ತೇನೆ. ಆದರೆ ಎರಡು ತಿಂಗಳು ಮೊದಲೇ ರಜೆ ಕೇಳುವುದಕ್ಕೆ ಗೋಡೆಯ ಕ್ಯಾಲೆಂಡರೇ ಸಾಕು.

ಈಗ ದಾರಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಸುಮಾರು 130 ಕಿ.ಮೀ. ನಸುಕಿನ ಐದರ ಸುಮಾರಿನ ಬಸ್ಸೇ ಬೇಕು. ಏಳರ ಬಸ್ಸು ಹಿಡಿದರೆ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿ ಒಂದು ತಾಸು ಹೋಗುತ್ತದೆ, ಕೋಟೆ ನಡುಮಧ್ಯಾಹ್ನಕ್ಕೆ ಬೀಳುತ್ತದೆ. ಯಲ್ಲಾಪುರದಲ್ಲಿ ಮಿರ್ಚಿ ಭಜಿ ತಿಂದು ಘಟ್ಟ ಇಳಿದವರಲ್ಲಿ ಅರ್ಧ ಮಂದಿಗೆ ವಾಂತಿ ಖಾತ್ರಿ. ಮನೆಯ ಬುತ್ತಿಯನ್ನೇ ತಿನ್ನಬೇಕು, ಒಂದು ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಅಷ್ಟೇ. ಮಕ್ಕಳನ್ನು ಮುಂದಿನ ಮೂರು ಸಾಲಿನೊಳಗೆ ಕೂಡ್ರಿಸಬೇಕು.

ಅಂಕೋಲಾದಲ್ಲಿ ಇಳಿದು ಕುಮಟಾ ಕಡೆಯ ಸ್ಥಳೀಯ ಬಸ್ಸು. ದೂರದ ಎಕ್ಸ್‌ಪ್ರೆಸ್ ಹತ್ತಬೇಡಿ, ಮಿರ್ಜಾನಿನಲ್ಲಿ ನಿಲ್ಲಿಸದೆ ಕುಮಟಾಕ್ಕೇ ಒಯ್ದರೆ 11 ಕಿ.ಮೀ. ವಾಪಸ್ ಬರಬೇಕು. ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಮಳೆಗಾಲಕ್ಕೆ ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. 2024ರ ಜುಲೈನಲ್ಲಿ ಗುಡ್ಡ ಕುಸಿದು ಜನ ಸತ್ತ ಶಿರೂರು ಇದೇ ಹೆದ್ದಾರಿಯಲ್ಲಿದೆ, ಅಂಕೋಲಾ ಮತ್ತು ಗೋಕರ್ಣಕ್ಕೆ ತಿರುಗುವ ಮಾದನಗೇರಿಯ ನಡುವೆ. ಅರಬೈಲ್ ಘಟ್ಟವೂ 2021ರಲ್ಲಿ ಕುಸಿದಿತ್ತು.

ಹೆದ್ದಾರಿಯಿಂದ ಕೋಟೆಗೆ ಅರ್ಧ ಕಿ.ಮೀ. ನಡಿಗೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಕೋಟೆ, ಪೋರ್ಚುಗೀಸರು ಮೆಣಸಿನ ರಾಣಿ ಅಂದದ್ದು ಅವಳನ್ನೇ. ನೇರವಾಗಿ ಬುರುಜು ಹತ್ತಿ ಫೋಟೋ ತೆಗೆದು ಹದಿನೈದು ನಿಮಿಷಕ್ಕೆ ಹೊರಬರುವವರು ಬಹಳ. ಹಾಗೆ ಮಾಡಬೇಡಿ. ಮೊದಲು ಹೊರಗಿನಿಂದ ಕಂದಕದ ಗುಂಟ ಅರ್ಧ ಸುತ್ತು ನಡೆಯಿರಿ. ಎರಡು ಸುತ್ತಿನ ಗೋಡೆ ಹೇಗೆ ನಿಂತಿದೆ ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ಆಮೇಲೆ ಒಳಗೆ ಬಾವಿಗಳನ್ನು ನೋಡಿ. ಅವಕ್ಕೂ ಹೊರಗಿನ ಕಂದಕಕ್ಕೂ ಕಾಲುವೆಯ ಸಂಬಂಧ ಇತ್ತು. ಅಘನಾಶಿನಿ ಹೊಳೆಯ ದಂಡೆಯಿಂದ ಮೆಣಸು ಹಡಗಿಗೆ ಹೋಗುತ್ತಿದ್ದ ಕಾಲದ ಬಂದರಿನ ಕಾವಲು ಇದು. 2000-01ರ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರು, ಫಿರಂಗಿ ಗುಂಡು, ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕಿದ್ದು ಇಲ್ಲೇ. ಇದನ್ನು ಮನೆಯಲ್ಲೇ ಓದಿಕೊಂಡು ಹೋದವರಿಗೆ ಬರಿಯ ಅಡಿಪಾಯದ ಗೆರೆಗಳೂ ಮಾತಾಡುತ್ತವೆ.

ಇಡೀ ಕೋಟೆ ಚಿರೇಕಲ್ಲಿನದು. ಹನ್ನೊಂದರ ನಂತರ ಕಲ್ಲು ಕಾಯುತ್ತದೆ, ನೆರಳು ಕಡಿಮೆ. ನವೆಂಬರಿನ ಮೊದಲ ವಾರಕ್ಕೆ ಹೋದರೆ ಹಸಿರು ಚೆಂದ, ಆದರೆ ಮೆಟ್ಟಿಲ ಮೇಲೆ ಪಾಚಿ ಇನ್ನೂ ಒಣಗಿರುವುದಿಲ್ಲ. ಸವೆದ ಚಪ್ಪಲಿ ನಡೆಯುವುದಿಲ್ಲ. ತಲೆಗೆ ಎರಡು ಲೀಟರ್ ನೀರು ಹುಬ್ಬಳ್ಳಿಯಿಂದಲೇ ಒಯ್ಯಿರಿ. ಒಳ್ಳೆಯ ಫೋಟೋ ಬರುವ ಮೂಲೆ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಂದಕ ಸುತ್ತಿದವರಿಗೆ ತಾನಾಗಿ ಸಿಗುತ್ತದೆ.

ಹನ್ನೆರಡರ ಸುಮಾರಿಗೆ ಹೊರಬಿದ್ದು, ಕುಮಟಾದಿಂದ ಗೋಕರ್ಣಕ್ಕೆ ಹೋಗುವ ಬಸ್ಸಿಗೆ ಹೆದ್ದಾರಿಯಲ್ಲೇ ಕೈಮಾಡಿ. ಹಿರೇಗುತ್ತಿ, ಮಾದನಗೇರಿ ದಾಟಿ ಗೋಕರ್ಣ, ಇಪ್ಪತ್ತು ಕಿ.ಮೀ. ಚಿಲ್ಲರೆ. ಊಟ ಮುಗಿಸಿ ಆಟೋದಲ್ಲಿ ಓಂ ಬೀಚಿಗೆ. ಮೂರಕ್ಕೆ ನಡುವಿನ ಬಂಡೆಗಳ ಬುಡ ಬಯಲಾಗಿರುತ್ತದೆ, ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಸಣ್ಣ ಮೀನು. ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ, ಬರಿಗಾಲು ಬೇಡ, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಹಾಕಿ. ಇಳಿತ ಮುಗಿದ ಒಂದೂವರೆ ತಾಸಿನೊಳಗೆ ಬಂಡೆ ಬಿಟ್ಟು ಮರಳಿಗೆ ಬರಬೇಕು. ನೀರು ಎದುರಿನಿಂದ ಬರುವುದಿಲ್ಲ, ಬಂಡೆಗಳ ಸಂದಿಯಿಂದ ಹಿಂದೆ ತುಂಬಿಕೊಳ್ಳುತ್ತದೆ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ಕಡೆಯ ಬಂಡೆ ದಾರಿಗೆ ಅದೇ ಸಂಜೆ ಹೊರಟರೆ ಕತ್ತಲಾಗುತ್ತದೆ, ಮರುದಿನಕ್ಕೆ ಇಟ್ಟುಕೊಳ್ಳಿ. ಶಿವರಾತ್ರಿಯ ವಾರ ಇಳಿತ ಎಷ್ಟೇ ಚೆನ್ನಾಗಿದ್ದರೂ ಬೇಡ. ರೂಮು ಸಿಗದು, ಬಸ್ಸಿನಲ್ಲಿ ಕಾಲಿಡಲು ಜಾಗ ಇರದು.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ನಾಲ್ಕು ಮಂದಿ, ಇಬ್ಬರು ಹೆಣ್ಣುಮಕ್ಕಳು. ಶಕ್ತಿ ಯೋಜನೆಯಿಂದ ಅವರಿಗೆ ಸೊನ್ನೆ ಟಿಕೆಟ್, ಆಧಾರ್ ಕಾರ್ಡು ಕೈಯಲ್ಲಿರಬೇಕು, ಎಸಿ ಬಸ್ಸಿಗೆ ನಡೆಯದು. ಇಬ್ಬರು ಗಂಡಸರ ಹೋಗಿಬರುವ ಬಸ್ಸಿಗೆ ಸಾವಿರದ ಮೇಲೆ ಸ್ವಲ್ಪ. 2025ರ ಜನವರಿಯಲ್ಲಿ ದರ ಶೇ. 15 ಏರಿದ ಮೇಲಿನ ಲೆಕ್ಕ ಇದು. ಊರೊಳಗಿನ ರೂಮು ಸಾವಿರದ ಇನ್ನೂರು, ದಂಡೆಯ ಮೇಲೆ ಅದರ ಎರಡು ಪಟ್ಟು. ಊಟ, ಆಟೋ ಸೇರಿ ಒಟ್ಟು ನಾಲ್ಕು ಸಾವಿರದೊಳಗೆ. ಮೊದಲ ಸಲ ಬಾಡಿಗೆ ಕಾರಿಗೆ ಒಂಬತ್ತೂವರೆ ಸಾವಿರ ಹೋಗಿತ್ತು, ಅದೂ ಹುಣ್ಣಿಮೆಯ ಮಧ್ಯಾಹ್ನ ಭರತದ ಹೊತ್ತಿಗೆ ಮುಟ್ಟಿ ಬಂಡೆಯ ತುದಿ ಮಾತ್ರ ಕಂಡದ್ದು.

ಎರಡು ಪ್ರಯೋಗ ಮಾಡಿದ್ದೆ. ಮೂರನೇ ದಿನ ಸೇರಿಸಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ, ಶಿರಸಿಯ ಮೇಲೆ ಬನವಾಸಿಗೆ ಹೋಗಿದ್ದು ಒಂದು. ಮಧುಕೇಶ್ವರ ಗುಡಿಯ ನಾಗಶಿಲ್ಪದ ಮೇಲಿನ ಬ್ರಾಹ್ಮಿ ಅಕ್ಷರ ನೋಡಲು ಅರ್ಧ ತಾಸೂ ಸಿಗಲಿಲ್ಲ. ಬನವಾಸಿಯನ್ನು ಬೇರೆ ದಿನಕ್ಕೆ ಇಡಬೇಕು, ಹಾವೇರಿಯವರಿಗಂತೂ ಅದು ಹತ್ತಿರವೇ. ಇನ್ನೊಂದು ಚೆನ್ನಾಗಿ ಕೂಡಿತು: ಭಾನುವಾರ ಮುಂಜಾನೆ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿ, ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಿ, ಅಲ್ಲಿಂದ ಕುಮಟಾ ಬಸ್ಸು. ಹೊಳೆಯಲ್ಲಿ ನೀರು ತೀರ ಇಳಿದಾಗ ಜನ ಚಿಪ್ಪಿಕಲ್ಲು (ತಿನ್ನುವ ಚಿಪ್ಪುಜೀವಿ) ಆಯುತ್ತಿರುತ್ತಾರೆ, ನೋಡಲು ಅದೇ ಸಮಯ, ಆದರೆ ದೋಣಿ ಹತ್ತುವಲ್ಲಿ ಕೆಸರು ಮೊಣಕಾಲಿಗೆ. ದ್ವಾದಶಿಯ ಮರುದಿನ ಇಳಿತ ನಸುಕಿನ ಮೂರೂವರೆಗೇ ಮುಗಿದಿರುತ್ತದೆ. ಎಂಟು, ಒಂಬತ್ತಕ್ಕೆ ಹೋದರೆ ಹೊಳೆ ತುಂಬಿದ್ದು ಕಾಲು ಒದ್ದೆಯಾಗದೆ ದಾಟಬಹುದು. ಕುಮಟಾದಿಂದ ಹುಬ್ಬಳ್ಳಿಗೆ ಮಧ್ಯಾಹ್ನ ಒಂದರೊಳಗೆ ಬಸ್ಸು ಹಿಡಿಯಿರಿ, ತಡವಾದರೆ ಭಾನುವಾರ ಸಂಜೆ ಅಂಕೋಲಾದಿಂದ ನಿಂತೇ ಬರಬೇಕಾಗುತ್ತದೆ.